ಕೂಡುವ ಗುರುತಿನ ಗುಂಡಿ ಕೊಟ್ಟ ಗುನ್‌ಪೇ ಯೊಕೊಯಿ

ನಮ್ಮ ಶಾಲೆಯ ಪ್ರವಾಸಕ್ಕೆ ಈ ಸಲ ನೀಲಗಿರಿಯನ್ನು ಆರಿಸಿಕೊಂಡಿದ್ದೆವು. ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ, ಗೂಡಲೂರಿನ ಮೇಲೆ ಹಾದು ಉದಕಮಂಡಲವನ್ನು ಸೇರಿದೆವು. ಮರುದಿನ ಬೆಟ್ಟದ ರೈಲಿನಲ್ಲಿ ಕುಳಿತು ಕುನ್ನೂರಿನ ಕಡೆಗೆ ಇಳಿಯತೊಡಗಿದೆವು. ಲವ್‌ಡೇಲ್, ಕೇತ್ತಿ, ಅರವಂಕಾಡು ನಿಲ್ದಾಣಗಳು ಕಳೆದ ಮೇಲೆ ವೆಲ್ಲಿಂಗ್ಟನ್ ಬರುತ್ತದೆ. ಹಿಂದೆ ಜಕತಳವೆಂದು ಕರೆಸಿಕೊಳ್ಳುತ್ತಿದ್ದ ಈ ಸ್ಥಳ ಸೈನ್ಯದ ದಂಡುಪ್ರದೇಶ. ರಕ್ಷಣಾ ಸೇವೆಗಳ ಸ್ಟಾಫ್ ಕಾಲೇಜು 1947ರಿಂದ ಇಲ್ಲಿಯೇ ಇದೆ. ಮಕ್ಕಳೆಲ್ಲರೂ ಕಿಟಕಿಗೆ ಮುತ್ತಿಕೊಂಡು ಸೈನ್ಯದ ಕಟ್ಟಡಗಳು ಕಂಡಾವೇ ಎಂದು ನೋಡುತ್ತಿದ್ದರೆ, ನಮ್ಮ ಶಾಲೆಯ ಅಣ್ಣತಮ್ಮಂದಿರಿಬ್ಬರು ಮಾತ್ರ ಒಂದು ಚೀಟಿಯನ್ನು ನಡುವೆ ಇಟ್ಟುಕೊಂಡು ಜಗಳವಾಡುತ್ತಿದ್ದರು.

ಚೀಟಿಯಲ್ಲಿದ್ದದ್ದು ಎರಡು ವಿಡಿಯೋ ಗೇಮ್ ಕಂಟ್ರೋಲರುಗಳ ಹೆಸರು ಮತ್ತು ಬೆಲೆ. ಎರಡೂ ವೈರಿನಿಂದ ಕಂಪ್ಯೂಟರಿಗೆ ಜೋಡಿಸುವಂಥವು, ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದಕ್ಕೆ ಬಣ್ಣಬಣ್ಣದ ದೀಪಗಳಿದ್ದವು. ಇನ್ನೊಂದು ನೋಡಲು ಸಾದಾ, ಆದರೆ ಅದರ ಗುಂಡಿಗಳ ಕೆಲಸವನ್ನು ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದಿತ್ತು. ದೀಪದ್ದೇ ಬೇಕೆಂದು ಅಣ್ಣನ ಹಟ. ತಮ್ಮನಿಗೆ ಚಿಕ್ಕಂದಿನಲ್ಲಿ ಪೆಟ್ಟಾಗಿ ಬಲಗೈ ಹೆಬ್ಬೆರಳು ಮಡಿಸಲು ಬಾರದು. ಎರಡರಲ್ಲಿ ಯಾವುದನ್ನು ತಂದರೂ ಅಣ್ಣನೇ ಆಡುವನು, ತಾನು ಪಕ್ಕದಲ್ಲಿ ಕುಳಿತು ನೋಡಬೇಕಾದವನೇ ಎಂದು ಅವನು ಮುಖ ಸಣ್ಣದು ಮಾಡಿಕೊಂಡಿದ್ದ. ಪ್ರವಾಸಕ್ಕೆ ಜೊತೆಯಾಗಿ ಬಂದಿದ್ದ ಅವರ ತಂದೆಯವರು, ಮೇಷ್ಟ್ರುಗಳು ಓದಿದವರಲ್ಲವೇ, ನೀವೇ ತೀರ್ಮಾನ ಹೇಳಿಬಿಡಿ ಎಂದು ನಮ್ಮ ಮುಂದೆ ಚೀಟಿ ಹಿಡಿದರು. ವರ್ಷವಿಡೀ ಮಕ್ಕಳು ಕೂಡಿಟ್ಟ ಹಣ ಅದು. ಸುಮ್ಮನೆ ಬಾಯಿಗೆ ಬಂದುದನ್ನು ಹೇಳುವುದು ಸರಿಯಲ್ಲವೆಂದು, ಊರಿಗೆ ಹೋಗಿ ತಿಳಿದುಕೊಂಡು ಹೇಳುತ್ತೇವೆ ಎಂದೆವು.

ಹಾಗೆ ತಿಳಿದುಕೊಳ್ಳಹೊರಟಾಗ ನಮಗೆ ಪರಿಚಯವಾದವರೇ ಜಪಾನಿನ ಗುನ್‌ಪೇ ಯೊಕೊಯಿ ಅವರು. ಇಂದು ಲೋಕದ ಮಕ್ಕಳು ಹಿಡಿಯುವ ಕಂಟ್ರೋಲರಿನ ಎಡಭಾಗದಲ್ಲಿ ಕೂಡುವ ಗುರುತಿನ ಆಕಾರದ ಒಂದು ಗುಂಡಿ ಇರುತ್ತದಲ್ಲ, ಅದನ್ನು ರೂಪಿಸಿ ಬಳಕೆಗೆ ತಂದವರು ಅವರು. ಅವರ ಜೀವನವನ್ನು ಓದುತ್ತ ಹೋದಂತೆ ತಂದೆಯವರ ಪ್ರಶ್ನೆಗೂ ಉತ್ತರ ದೊರೆಯಿತು. ಆದುದರಿಂದ ಆ ಕಥೆಯನ್ನು ಎಲ್ಲ ವಿದ್ಯಾರ್ಥಿಗಳ ಮತ್ತು ಪೋಷಕರ ಮುಂದೆ ಇಡುತ್ತಿದ್ದೇವೆ.

ಬಾಲ್ಯ ಮತ್ತು ಉದ್ಯೋಗ

ಯೊಕೊಯಿ ಅವರು 1941ನೆಯ ಇಸವಿ ಸೆಪ್ಟೆಂಬರ್ 10ರಂದು ಜಪಾನಿನ ಪ್ರಾಚೀನ ನಗರವಾದ ಕ್ಯೋಟೋದಲ್ಲಿ ಜನಿಸಿದರು. ಆ ವರ್ಷದ ಕೊನೆಗೇ ಜಪಾನು ಎರಡನೆಯ ಮಹಾಯುದ್ಧಕ್ಕೆ ಇಳಿಯಿತು. ಯುದ್ಧದಲ್ಲಿ ಸೋತ ಜಪಾನು ಮತ್ತೆ ತನ್ನ ಕಾಲ ಮೇಲೆ ನಿಲ್ಲುತ್ತಿದ್ದ ಕಾಲದಲ್ಲಿ ಅವರು ಬೆಳೆದರು. ಮುಂದೆ ಅದೇ ನಗರದ ದೋಶಿಷಾ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ವಿಭಾಗದ ಪದವಿ ಪಡೆದರು.

1965ರಲ್ಲಿ ಅವರಿಗೆ ಕೆಲಸ ಸಿಕ್ಕಿದ್ದು ನಿಂಟೆಂಡೋ ಎಂಬ ಕಂಪನಿಯಲ್ಲಿ. ಇಂದು ಈ ಹೆಸರನ್ನು ಕೇಳದ ಮಕ್ಕಳು ಕಡಿಮೆ. ಆದರೆ ಆಗ ಅದು ಮುಖ್ಯವಾಗಿ ಇಸ್ಪೀಟಿನ ಎಲೆಗಳನ್ನು ಮಾಡುವ ಕಂಪನಿಯಾಗಿತ್ತು. 1889ರಲ್ಲಿ ಕ್ಯೋಟೋದಲ್ಲಿಯೇ ಹುಟ್ಟಿದ ಆ ಕಂಪನಿ ಹೂವಿನ ಚಿತ್ರಗಳುಳ್ಳ ಜಪಾನೀ ಎಲೆಗಳಿಗೆ ಪ್ರಸಿದ್ಧವಾಗಿತ್ತು. ಎಲೆ ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದೇ ಯೊಕೊಯಿ ಅವರ ಕೆಲಸ. ಪದವಿ ಪಡೆದ ಎಂಜಿನಿಯರಿಗೆ ಇದೇನೂ ಹೆಮ್ಮೆಯ ಹುದ್ದೆಯಲ್ಲ. ಯಂತ್ರಗಳು ಸರಿಯಾಗಿ ನಡೆಯುತ್ತಿದ್ದರೆ ಅವರಿಗೆ ಕೆಲಸವೇ ಇರುತ್ತಿರಲಿಲ್ಲ.

ಬಿಡುವು ಎಲ್ಲರಿಗೂ ಸಿಗುತ್ತದೆ. ಅದನ್ನು ಹೇಗೆ ಬಳಸುತ್ತೇವೆ ಎಂಬುದರಲ್ಲಿದೆ ವ್ಯತ್ಯಾಸ. ಯೊಕೊಯಿ ಅವರು ಕಾರ್ಖಾನೆಯ ಉಪಕರಣಗಳನ್ನು ಉಪಯೋಗಿಸಿ ಬಿಡುವಿನಲ್ಲಿ ಒಂದು ಆಟಿಕೆಯನ್ನು ಮಾಡಿಕೊಂಡರು. ಕತ್ತರಿಯಂತೆ ಒಂದಕ್ಕೊಂದು ಹೆಣೆದ ಪಟ್ಟಿಗಳು. ಈ ತುದಿಯ ಹಿಡಿಗಳನ್ನು ಒತ್ತಿದರೆ ಪಟ್ಟಿಗಳು ಮುಂದಕ್ಕೆ ಚಾಚಿ ಆ ತುದಿಯ ಕೈ ದೂರದ ವಸ್ತುವನ್ನು ಹಿಡಿಯುತ್ತಿತ್ತು. ಹಳೆಯ ಅಂಗಡಿಗಳ ಮಡಿಸುವ ಕಬ್ಬಿಣದ ಬಾಗಿಲನ್ನು ನೆನಪಿಸಿಕೊಂಡರೆ ಈ ಹೆಣಿಗೆ ನಿಮಗೆ ಅರ್ಥವಾದೀತು.

ಒಂದು ದಿನ ಕಂಪನಿಯ ಅಧ್ಯಕ್ಷರಾದ ಹಿರೋಶಿ ಯಮೌಚಿ ಅವರ ಕಣ್ಣಿಗೆ ಇದು ಬಿತ್ತು. ಅಧ್ಯಕ್ಷರು ಕರೆಕಳುಹಿಸಿದಾಗ, ಕೆಲಸದ ಹೊತ್ತಿನಲ್ಲಿ ಆಟವಾಡಿದ್ದಕ್ಕೆ ಬೈಗುಳ ತಪ್ಪದೆಂದು ಯೊಕೊಯಿ ಅಂಜಿಕೊಂಡೇ ಹೋದರು. ಆದರೆ ನಡೆದದ್ದೇ ಬೇರೆ. ಅದನ್ನು ಮಾರಾಟದ ಆಟಿಕೆಯಾಗಿ ಸಿದ್ಧಪಡಿಸಬೇಕೆಂದು ಅಧ್ಯಕ್ಷರು ಆಜ್ಞೆ ಮಾಡಿದರು. ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ 1966ರಲ್ಲಿ ಅದು ಹೊರಬಂದು 12 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಯಂತ್ರ ನೋಡಿಕೊಳ್ಳುತ್ತಿದ್ದ ಯುವಕ ಆಟಿಕೆಗಳ ಸೃಷ್ಟಿಕರ್ತನಾದ.

ಪಳಗಿದ ತಂತ್ರ, ಹೊಸ ಬಳಕೆ

ಮುಂದಿನ ವರ್ಷಗಳಲ್ಲಿ ಯೊಕೊಯಿ ಅವರು ಒಂದಾದ ಮೇಲೊಂದು ಆಟಿಕೆಗಳನ್ನು ರೂಪಿಸಿದರು. ಮನೆಯೊಳಗೇ ಚೆಂಡು ಎಸೆದುಕೊಡುವ ಯಂತ್ರವನ್ನು 1967ರಲ್ಲಿ ಮಾಡಿದರು. ಬೆಳಕಿನ ಬಂದೂಕು 1970ರಲ್ಲಿ ಬಂದಿತು. ಈ ಬಂದೂಕಿನಲ್ಲಿ ಗುಂಡೇ ಇಲ್ಲ. ಕುದುರೆ ಎಳೆದರೆ ಒಂದು ಕ್ಷಣ ಬೆಳಕು ಹೊಮ್ಮುತ್ತದೆ. ಗುರಿಯಲ್ಲಿ ಅಡಗಿಸಿಟ್ಟ ಸೌರಕೋಶದ ಮೇಲೆ ಆ ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟಿ ಗುರಿಯ ವಸ್ತು ಸಿಡಿದಂತೆ ಹಾರುತ್ತದೆ. ಬಿಸಿಲಿನಿಂದ ವಿದ್ಯುತ್ತು ಪಡೆಯಲೆಂದು ಇದ್ದ ಕೋಶವನ್ನು ಅವರು ಆಟಕ್ಕೆ ತಿರುಗಿಸಿದರು.

ಇದೇ ಅವರ ಜೀವಮಾನದ ಸೂತ್ರವಾಯಿತು. ಲೋಕವೆಲ್ಲ ತೀರ ಹೊಸ ತಂತ್ರಜ್ಞಾನದ ಹಿಂದೆ ಓಡುತ್ತಿರುವಾಗ, ಯೊಕೊಯಿ ಅವರು ಹತ್ತಾರು ವರ್ಷ ಬಳಕೆಯಾಗಿ, ಬೆಲೆ ಇಳಿದು, ಗುಣದೋಷಗಳೆಲ್ಲ ತಿಳಿದುಬಂದ ಪಳಗಿದ ತಂತ್ರವನ್ನೇ ಕೈಗೆತ್ತಿಕೊಳ್ಳುತ್ತಿದ್ದರು. ಅದನ್ನು ಯಾರೂ ಯೋಚಿಸದ ಕೆಲಸಕ್ಕೆ ಹಚ್ಚುವುದೇ ನಿಜವಾದ ಜಾಣತನವೆಂದು ಅವರು ನಂಬಿದ್ದರು. ನಾವು ಕುಳಿತಿದ್ದ ನೀಲಗಿರಿ ರೈಲನ್ನೇ ನೋಡಿ. 1899ರಲ್ಲಿ ಕುನ್ನೂರಿನವರೆಗೆ, 1908ರಲ್ಲಿ ಉದಕಮಂಡಲದವರೆಗೆ ಬಂದ ದಾರಿ ಅದು. ಕಲ್ಲಾರಿನಿಂದ ಕುನ್ನೂರಿಗೆ ಏರುವಲ್ಲಿ ಕಂಬಿಗಳ ನಡುವಿನ ಹಲ್ಲುಪಟ್ಟಿಯನ್ನು ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಹತ್ತುತ್ತದೆ. ನೂರು ವರ್ಷ ಮೀರಿದ ಆ ಹಳೆಯ ತಂತ್ರವೇ ಇಂದಿಗೂ ಜನರನ್ನು ಬೆಟ್ಟಕ್ಕೆ ಏರಿಸುತ್ತಿದೆ. ಹಳೆಯದಾದ ಮಾತ್ರಕ್ಕೆ ಯಾವುದೂ ನಿರುಪಯುಕ್ತವಲ್ಲ.

ಆದರೆ ಅವರ ದಾರಿಯೂ ಹೂವಿನ ಹಾಸಿಗೆಯಾಗಿರಲಿಲ್ಲ. ಜನ ಬಿಟ್ಟುಹೋಗುತ್ತಿದ್ದ ಬೌಲಿಂಗ್ ಆಟದ ದೊಡ್ಡ ಮನೆಗಳಲ್ಲಿ ಬೆಳಕಿನ ಬಂದೂಕಿನ ಆಟವನ್ನು ಏರ್ಪಡಿಸುವ ಯೋಜನೆ 1973ರಲ್ಲಿ ಆರಂಭವಾಯಿತು. ಅಷ್ಟರಲ್ಲಿ ಎಣ್ಣೆಯ ಬಿಕ್ಕಟ್ಟು ಬಂದು ಬೇಡಿಕೆಗಳು ರದ್ದಾದವು, ಕಂಪನಿ ಸಾಲಕ್ಕೆ ಸಿಲುಕಿತು. ಯೊಕೊಯಿ ಮತ್ತು ಅವರ ಸಂಗಡಿಗರು ಮತ್ತೆ ಸಣ್ಣ ಆಟಿಕೆಗಳಿಂದ ಮೊದಲುಮಾಡಬೇಕಾಯಿತು.

ರೈಲಿನಲ್ಲಿ ಕಂಡ ಸಂಗತಿ

ಒಮ್ಮೆ ಯೊಕೊಯಿ ಅವರು ಜಪಾನಿನ ಅತಿವೇಗದ ರೈಲಾದ ಶಿಂಕಾನ್‌ಸೆನ್‌ನಲ್ಲಿ ಪ್ರಯಾಣ ಮಾಡುತ್ತಿದ್ದರು. ಎದುರಿಗೆ ಕುಳಿತ ನೌಕರರೊಬ್ಬರು ಹೊತ್ತು ಹೋಗದೆ ಕೈಯಲ್ಲಿದ್ದ ಪುಟ್ಟ ಲೆಕ್ಕಯಂತ್ರದ ಗುಂಡಿಗಳನ್ನು ಸುಮ್ಮಸುಮ್ಮನೆ ಒತ್ತುತ್ತಿದ್ದರು. ಸಾವಿರಾರು ಜನ ಇದನ್ನು ನೋಡಿರಬಹುದು. ಆದರೆ, ದೊಡ್ಡವರು ಕೂಡ ಇತರರ ಕಣ್ಣಿಗೆ ಬೀಳದಂತೆ ಅಂಗೈಯಲ್ಲಿ ಹಿಡಿದು ಆಡುವ ಆಟವೊಂದು ಇದ್ದರೆ ಹೇಗೆ ಎಂಬ ಯೋಚನೆ ಹೊಳೆದದ್ದು ಯೊಕೊಯಿ ಅವರಿಗೆ.

ಮುಂದೆ ಅಧ್ಯಕ್ಷರ ಕಾರಿನ ಚಾಲಕರು ಬಾರದ ಒಂದು ದಿನ ಯೊಕೊಯಿ ಅವರೇ ಕಾರು ನಡೆಸಬೇಕಾಗಿ ಬಂತು. ದಾರಿಯಲ್ಲಿ ಮಾತಿಗೆಂದು ಈ ವಿಚಾರವನ್ನು ತಿಳಿಸಿದರು. ಅಧ್ಯಕ್ಷರು ಹೆಚ್ಚೇನೂ ಹೇಳಲಿಲ್ಲ. ಆದರೆ ಅಂದಿನ ಸಭೆಯಲ್ಲಿ ಅವರ ಪಕ್ಕ ಕುಳಿತವರು ಲೆಕ್ಕಯಂತ್ರ ತಯಾರಿಸುತ್ತಿದ್ದ ಶಾರ್ಪ್ ಕಂಪನಿಯ ಮುಖ್ಯಸ್ಥರಾಗಿದ್ದರು. ಕೆಲವೇ ದಿನಗಳಲ್ಲಿ ಎರಡು ಕಂಪನಿಗಳ ನಡುವೆ ಮಾತುಕತೆ ನಡೆಯಿತು. ಪೈಪೋಟಿಯಿಂದಾಗಿ ಲೆಕ್ಕಯಂತ್ರದ ದ್ರವಸ್ಫಟಿಕ ಪರದೆಗಳ ಬೆಲೆ ಆಗ ಬಹಳ ಇಳಿದಿತ್ತು. ಇದೂ ಪಳಗಿದ ತಂತ್ರವೇ.

ಹೀಗೆ 1980ರ ಏಪ್ರಿಲ್ 28ರಂದು ಗೇಮ್ ಅಂಡ್ ವಾಚ್ ಎಂಬ ಅಂಗೈ ಆಟ ಹೊರಬಂದಿತು. ಮೊದಲನೆಯದರ ಹೆಸರು ಬಾಲ್. ಚೆಂಡುಗಳನ್ನು ಮೇಲಕ್ಕೆಸೆದು ಹಿಡಿಯುವ ಆಟ. ಎಡಕ್ಕೊಂದು ಗುಂಡಿ, ಬಲಕ್ಕೊಂದು ಗುಂಡಿ, ಅಷ್ಟೆ. ಆಡದಿರುವಾಗ ಅದೇ ಗಡಿಯಾರ. ಮುಂದಿನ ವರ್ಷಗಳಲ್ಲಿ ಇದೇ ಮಾದರಿಯ ಅನೇಕ ಆಟಗಳು ಬಂದು, ಒಟ್ಟು 4 ಕೋಟಿ 34 ಲಕ್ಷದಷ್ಟು ಮಾರಾಟವಾದವು.

ಕೂಡುವ ಗುರುತಿನ ಗುಂಡಿ

ಇಲ್ಲಿಗೆ ನಮ್ಮ ಕಥೆಯ ಮುಖ್ಯ ಘಟ್ಟಕ್ಕೆ ಬಂದೆವು. 1981ರಲ್ಲಿ ಡಾಂಕಿ ಕಾಂಗ್ ಎಂಬ ಆಟ ಪ್ರಸಿದ್ಧಿಗೆ ಬಂದಿತು. ಅದನ್ನು ರಚಿಸಿದ ತರುಣ ಶಿಗೆರು ಮಿಯಾಮೊಟೊ ಅವರಿಗೆ ಮಾರ್ಗದರ್ಶನ ಮಾಡಿದವರು ಯೊಕೊಯಿ. ಅಂಗಡಿಗಳಲ್ಲಿ ನಿಂತು ಆಡುವ ಆ ದೊಡ್ಡ ಯಂತ್ರಕ್ಕೆ ನೆಟ್ಟಗೆ ನಿಂತ ಕೋಲಿನಂಥ ಹಿಡಿಕೆ ಇತ್ತು. ಅದನ್ನೇ ಅಂಗೈ ಆಟವಾಗಿ ಮಾಡಹೊರಟಾಗ ಕಷ್ಟ ಎದುರಾಯಿತು. ಆಟದ ಮನುಷ್ಯ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ನಾಲ್ಕೂ ಕಡೆ ಹೋಗಬೇಕು. ಕೋಲು ಇಟ್ಟರೆ ಪುಸ್ತಕದಂತೆ ಮಡಚುವ ಆ ಪುಟ್ಟ ಪೆಟ್ಟಿಗೆ ಮುಚ್ಚುವುದಿಲ್ಲ, ಜೇಬಿನಲ್ಲಿ ಮುರಿದೂ ಹೋಗುತ್ತದೆ. ನಾಲ್ಕು ಬೇರೆಬೇರೆ ಗುಂಡಿಗಳನ್ನಿಟ್ಟರೆ ಯಾವುದು ಎಲ್ಲಿದೆ ಎಂದು ಪದೇ ಪದೇ ಕೆಳಗೆ ನೋಡಬೇಕು, ಅಷ್ಟರಲ್ಲಿ ಆಟ ಮುಗಿದಿರುತ್ತದೆ.

ಯೊಕೊಯಿ ಅವರು ಯೋಚಿಸಿದ್ದು ಯಂತ್ರದ ಕಡೆಯಿಂದಲ್ಲ, ಹೆಬ್ಬೆರಳಿನ ಕಡೆಯಿಂದ. ನಾಲ್ಕು ಗುಂಡಿಗಳನ್ನು ಕೂಡುವ ಗುರುತಿನ ಆಕಾರದ ಒಂದೇ ತುಂಡಾಗಿ ಮಾಡಿದರು. ಅದರ ನಡುವೆ ಕೆಳಗೊಂದು ಉಬ್ಬು. ಹೆಬ್ಬೆರಳನ್ನು ಎತ್ತದೆ ಯಾವ ಕಡೆಗೆ ವಾಲಿಸಿದರೂ ಗುಂಡಿ ಏತದ ಮರದಂತೆ ಆ ಕಡೆಗೆ ಬಾಗುತ್ತದೆ, ಎದುರು ಕಡೆ ಏಳುತ್ತದೆ. ಆದುದರಿಂದ ಎಡ ಬಲ ಎರಡನ್ನೂ ಒಟ್ಟಿಗೆ ಒತ್ತುವ ತಪ್ಪು ಆಗುವುದಿಲ್ಲ. ಬಾಗಿದ ಕಡೆಯ ರಬ್ಬರು ಕೆಳಗಿನ ವಿದ್ಯುತ್ ಹಲಗೆಯನ್ನು ತಾಕಿದೊಡನೆ ಸಂಪರ್ಕವಾಗುತ್ತದೆ. ಮನೆಯ ಟಿ.ವಿ. ರಿಮೋಟನ್ನು ಎಂದಾದರೂ ಬಿಚ್ಚಿ ನೋಡಿದ್ದರೆ ಇಂಥದೇ ರಬ್ಬರಿನ ಹಾಳೆಯನ್ನು ನೀವು ಕಂಡಿರುತ್ತೀರಿ. ದಿಕ್ಕು ತೋರುವ ಗುಂಡಿಗಳ ಪ್ರಯತ್ನ ಬೇರೆ ಕೆಲವರಿಂದಲೂ ಅದಕ್ಕೆ ಮೊದಲು ನಡೆದಿತ್ತು. ಆದರೆ ಕಣ್ಣಿಗೆ ಕೆಲಸ ಕೊಡದೆ ಬೆರಳಿಗೇ ದಿಕ್ಕು ತಿಳಿಯುವಂತೆ ಅದನ್ನು ಹದಗೊಳಿಸಿದ ಕೀರ್ತಿ ಯೊಕೊಯಿ ಅವರದು. 1982ರಲ್ಲಿ ಎರಡು ಪರದೆಗಳ ಡಾಂಕಿ ಕಾಂಗ್ ಅಂಗೈ ಆಟದಲ್ಲಿ ಈ ಗುಂಡಿ ಮೊದಲು ಕಾಣಿಸಿಕೊಂಡಿತು.

ಮರುವರ್ಷ, 1983ರ ಜುಲೈ 15ರಂದು, ಟಿ.ವಿ.ಗೆ ಜೋಡಿಸಿ ಆಡುವ ಫ್ಯಾಮಿಕಾಮ್ ಯಂತ್ರವನ್ನು ನಿಂಟೆಂಡೋ ಹೊರತಂದಿತು. ಅದರ ರಚನೆಯ ಮುಖ್ಯಸ್ಥರು ಮಸಾಯುಕಿ ಉಯೆಮುರ. ನೆಲದ ಮೇಲೆ ಬಿಟ್ಟ ಕಂಟ್ರೋಲರನ್ನು ಮಕ್ಕಳು ತುಳಿದರೆ ಕೋಲು ಮುರಿದೀತೆಂಬ ಚಿಂತೆ ಅವರಿಗಿತ್ತು. ಯೊಕೊಯಿ ಅವರ ಗುಂಡಿ ಅದಕ್ಕೆ ಪರಿಹಾರವಾಯಿತು. ಎಡಗೈಗೆ ದಿಕ್ಕಿನ ಗುಂಡಿ, ಬಲಗೈಗೆ ಕೆಲಸದ ಗುಂಡಿಗಳು, ಯಂತ್ರಕ್ಕೆ ಸೇರಿಸಿದ ಒಂದು ವೈರು; ಇಂದಿನ ಕಂಟ್ರೋಲರುಗಳ ಮೂಲ ರೂಪ ಇದೇ. ಇದೇ ಯಂತ್ರದ ಅಗ್ಗದ ನಕಲುಗಳು 1990ರ ದಶಕದಲ್ಲಿ ನಮ್ಮ ದೇಶದ ಅಂಗಡಿಗಳಲ್ಲಿಯೂ ತುಂಬಿದ್ದವು. ಪೋಷಕರಲ್ಲಿ ಹಲವರು ರಜೆಯಲ್ಲಿ ಅವುಗಳನ್ನು ಆಡಿರಬಹುದು. ಯೊಕೊಯಿ ಅವರ ಹೆಸರು ಕೇಳದೆಯೇ ಅವರ ಗುಂಡಿಯನ್ನು ಒತ್ತಿದವರು ನಾವೆಲ್ಲರೂ.

ಸಾದಾ ಪೆಟ್ಟಿಗೆಯ ಗೆಲುವು

ಯೊಕೊಯಿ ಅವರ ಅತಿದೊಡ್ಡ ಯಶಸ್ಸು ಗೇಮ್ ಬಾಯ್. 1989ರ ಏಪ್ರಿಲ್ 21ರಂದು ಜಪಾನಿನಲ್ಲಿ ಬಿಡುಗಡೆಯಾದ ಈ ಕೈಯಂತ್ರಕ್ಕೆ ಬಣ್ಣವಿರಲಿಲ್ಲ. ಹಸಿರು ಛಾಯೆಯ ಪರದೆಯ ಮೇಲೆ ನಾಲ್ಕು ಬಗೆಯ ಕಪ್ಪುಬಿಳುಪು ಮಾತ್ರ. ಅದೇ ಕಾಲದಲ್ಲಿ ಬೇರೆ ಕಂಪನಿಗಳು ಬಣ್ಣದ ಪರದೆಯ ಯಂತ್ರಗಳನ್ನು ತಂದವು. ಅವುಗಳ ಮುಂದೆ ಗೇಮ್ ಬಾಯ್ ಬಡವನಂತೆ ಕಾಣುತ್ತಿತ್ತು.

ಆದರೆ ಬಣ್ಣದ ಯಂತ್ರಗಳು ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿಬಿಡುತ್ತಿದ್ದವು. ಗೇಮ್ ಬಾಯ್ ನಾಲ್ಕು ಸೆಲ್ಲುಗಳಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಬೆಲೆ ಕಡಿಮೆ, ಕೆಳಗೆ ಬಿದ್ದರೆ ಒಡೆಯುವುದಿಲ್ಲ. ಕೊಲ್ಲಿ ಯುದ್ಧದ ಕಾಲದಲ್ಲಿ ಹೊರಮೈ ಸುಟ್ಟುಹೋದ ಒಂದು ಗೇಮ್ ಬಾಯ್ ಆಮೇಲೂ ನಡೆಯುತ್ತಿದ್ದುದರಿಂದ, ಅದನ್ನು ನ್ಯೂಯಾರ್ಕಿನ ನಿಂಟೆಂಡೋ ಅಂಗಡಿಯಲ್ಲಿ ಹಲವು ವರ್ಷ ಪ್ರದರ್ಶನಕ್ಕೆ ಇಟ್ಟಿದ್ದರು. ಇಬ್ಬರು ಗೆಳೆಯರು ತಮ್ಮ ಯಂತ್ರಗಳನ್ನು ಒಂದು ವೈರಿನಿಂದ ಜೋಡಿಸಿಕೊಂಡು ಎದುರಾಳಿಗಳಾಗಿ ಆಡುವ ಏರ್ಪಾಡೂ ಅದರಲ್ಲಿತ್ತು. ಮುಂದೆ ಬಂದ ಬಣ್ಣದ ಮಾದರಿಯನ್ನೂ ಸೇರಿಸಿ ಗೇಮ್ ಬಾಯ್ 11 ಕೋಟಿ 86 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಹೊರಗಿನ ಥಳುಕಿಗಿಂತ ಆಡುವವನ ಅನುಕೂಲವೇ ದೊಡ್ಡದೆಂದು ಇದರಿಂದ ಸಿದ್ಧವಾಯಿತು.

ಸೋಲು ಮತ್ತು ಅಂತ್ಯ

ದೊಡ್ಡವರ ಜೀವನದಲ್ಲಿ ಗೆಲುವನ್ನಷ್ಟೇ ನೋಡಿದರೆ ಪಾಠ ಅರ್ಧವಾಗುತ್ತದೆ. 1995ರ ಜುಲೈ ತಿಂಗಳಿನಲ್ಲಿ ಯೊಕೊಯಿ ಅವರ ವರ್ಚುವಲ್ ಬಾಯ್ ಹೊರಬಂದಿತು. ಮೇಜಿನ ಮೇಲೆ ನಿಲ್ಲಿಸಿದ ಕನ್ನಡಕದಂಥ ಪೆಟ್ಟಿಗೆಗೆ ಕಣ್ಣು ಹಚ್ಚಿ ನೋಡಿದರೆ ಆಳ ಅಗಲಗಳುಳ್ಳ ಕೆಂಪು ಚಿತ್ರಗಳು ಕಾಣುತ್ತಿದ್ದವು. ವೈರಿನ ಕಂಟ್ರೋಲರಿನಲ್ಲಿ ಎಡಕ್ಕೂ ಬಲಕ್ಕೂ ಒಂದೊಂದರಂತೆ ಎರಡು ಕೂಡುವ ಗುರುತಿನ ಗುಂಡಿಗಳಿದ್ದವು. ಕಲ್ಪನೆ ದೊಡ್ಡದೇ. ಆದರೆ ಆಡುವವನು ಬಗ್ಗಿ ಕುಳಿತು ಕುತ್ತಿಗೆ ನೋಯಿಸಿಕೊಳ್ಳಬೇಕಾಗಿತ್ತು, ಕಣ್ಣು ದಣಿಯುತ್ತಿತ್ತು. ನಡುನಡುವೆ ವಿಶ್ರಾಂತಿ ತೆಗೆದುಕೊಳ್ಳಿರೆಂದು ಯಂತ್ರವೇ ಎಚ್ಚರಿಸಬೇಕಾಗಿತ್ತು. ಸುಮಾರು 7 ಲಕ್ಷ 70 ಸಾವಿರ ಮಾತ್ರ ಮಾರಾಟವಾಗಿ, ವರ್ಷ ತುಂಬುವುದರೊಳಗೆ ಅದು ಮೂಲೆ ಸೇರಿತು. ಮನುಷ್ಯನ ಮೈಗೆ ಯಂತ್ರವನ್ನು ಒಗ್ಗಿಸುತ್ತ ಬಂದವರು, ಈ ಒಂದು ಸಲ ಯಂತ್ರಕ್ಕೆ ಮನುಷ್ಯನೇ ಒಗ್ಗಬೇಕೆಂದು ಕೇಳಿದಂತಾಯಿತು. ಜನ ಒಪ್ಪಲಿಲ್ಲ.

ಗೇಮ್ ಬಾಯಿಯ ಚಿಕ್ಕ ಮಾದರಿಯೊಂದನ್ನು ಸಿದ್ಧಪಡಿಸಿಕೊಟ್ಟು, 31 ವರ್ಷಗಳ ಸೇವೆಯ ನಂತರ 1996ರ ಆಗಸ್ಟ್ ತಿಂಗಳಿನಲ್ಲಿ ಯೊಕೊಯಿ ನಿಂಟೆಂಡೋವನ್ನು ಬಿಟ್ಟರು. ಸೋಲಿನಿಂದ ನೊಂದು ಹೋದರೆಂದು ಹಲವರು ಹೇಳುತ್ತಾರೆ. ಆದರೆ ಸ್ವತಂತ್ರವಾಗಿ ಕೆಲಸಮಾಡಬೇಕೆಂಬ ಆಸೆ ಅವರಿಗೆ ಮೊದಲಿನಿಂದ ಇತ್ತು. ಕ್ಯೋಟೋದಲ್ಲಿಯೇ ಕೋಟೋ ಎಂಬ ತಮ್ಮದೇ ಪ್ರಯೋಗಶಾಲೆಯನ್ನು ತೆರೆದು, ಬಂದಾಯ್ ಕಂಪನಿಗಾಗಿ ಹೊಸ ಕೈಯಂತ್ರವೊಂದರ ರಚನೆಯಲ್ಲಿ ತೊಡಗಿದರು.

ಅದು ಪೂರ್ಣವಾಗುವುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತದ ಹೆದ್ದಾರಿಯಲ್ಲಿ ಅವರಿದ್ದ ಕಾರಿಗೂ ಮತ್ತೊಂದು ವಾಹನಕ್ಕೂ ಸಣ್ಣ ಅಪಘಾತವಾಯಿತು. ಏನಾಯಿತೆಂದು ನೋಡಲು ಕೆಳಗಿಳಿದಾಗ ಬೇರೊಂದು ಕಾರು ಬಂದು ಅವರಿಗೆ ಬಡಿಯಿತು. 56ನೆಯ ವಯಸ್ಸಿನಲ್ಲಿ ಅವರ ಬಾಳು ಮುಗಿಯಿತು. ಅವರು ಆರಂಭಿಸಿದ್ದ ವಂಡರ್‌ಸ್ವಾನ್ ಯಂತ್ರ 1999ರ ಮಾರ್ಚ್ ತಿಂಗಳಿನಲ್ಲಿ ಹೊರಬಂದಿತು. ಅದಕ್ಕೆ ಒಂದೇ ಒಂದು ಸೆಲ್ಲು ಸಾಕಾಗಿತ್ತು. ಅಡ್ಡವಾಗಿ ಹಿಡಿದರೂ ಆಡಬಹುದು, ನೆಟ್ಟಗೆ ಹಿಡಿದರೂ ಆಡಬಹುದು ಎಂಬಂತೆ ಗುಂಡಿಗಳನ್ನು ಜೋಡಿಸಿದ್ದರು. ಅದರಲ್ಲಿನ ಒಂದು ಆಟಕ್ಕೆ ಅವರ ಗೌರವಾರ್ಥ ಗುನ್‌ಪೇ ಎಂದೇ ಹೆಸರಿಟ್ಟರು. 2003ರಲ್ಲಿ ವಿಡಿಯೋ ಆಟ ರಚಿಸುವವರ ಅಂತರರಾಷ್ಟ್ರೀಯ ಸಂಘವು ಅವರಿಗೆ ಮರಣೋತ್ತರವಾಗಿ ಜೀವಮಾನದ ಪ್ರಶಸ್ತಿಯನ್ನು ಅರ್ಪಿಸಿತು.

ಚೀಟಿಗೆ ಉತ್ತರ

ಈಗ ವೆಲ್ಲಿಂಗ್ಟನ್ನಿನ ರೈಲಿನಲ್ಲಿ ನಮ್ಮ ಮುಂದೆ ಬಂದ ಚೀಟಿಗೆ ಮರಳೋಣ. ಊರಿಗೆ ಬಂದು ಇಷ್ಟೆಲ್ಲ ಓದಿದ ಮೇಲೆ ಆ ತಂದೆಯವರನ್ನೂ ಇಬ್ಬರು ಹುಡುಗರನ್ನೂ ಶಾಲೆಗೆ ಕರೆಸಿ ಕೂರಿಸಿಕೊಂಡೆವು. ಯೊಕೊಯಿ ಅವರ ಕಣ್ಣಿನಿಂದ ನೋಡಿದಾಗ ನಮಗೆ ತೋರಿದ ಸಂಗತಿಗಳನ್ನು ಹೇಳಿದೆವು. ಇತರ ಪೋಷಕರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತೇವೆ.

ವೈರಿನ ಕಂಟ್ರೋಲರು ಹಳೆಯ ಕಾಲದ್ದೆಂದು ಮೂಗು ಮುರಿಯಬೇಕಾಗಿಲ್ಲ. ಅದಕ್ಕೆ ಸೆಲ್ಲು ಬೇಡ, ಚಾರ್ಜು ಮಾಡುವ ಗೋಜು ಬೇಡ, ಆಟದ ನಡುವೆ ಸಂಪರ್ಕ ಕಡಿಯುವ ಭಯ ಕಡಿಮೆ. ಅಷ್ಟೇ ಗುಣದ ವೈರಿಲ್ಲದ ಕಂಟ್ರೋಲರಿಗಿಂತ ಸಾಮಾನ್ಯವಾಗಿ ಬೆಲೆಯೂ ಕಡಿಮೆ. ಇದು ಪಳಗಿದ ತಂತ್ರ. ಕೊಳ್ಳುವಾಗ ವೈರು ಕುಳಿತುಕೊಳ್ಳುವ ಜಾಗದವರೆಗೆ ಸಾಕಾಗುವಷ್ಟು ಉದ್ದವಿದೆಯೇ, ಕಿತ್ತು ಬೇರೆ ಹಾಕುವಂತಿದೆಯೇ ಎಂದು ನೋಡಬೇಕು. ಯಂತ್ರದಲ್ಲಿ ಮೊದಲು ಕೆಡುವುದು ಬಹುಶಃ ವೈರೇ. ಮನೆಯಲ್ಲಿರುವ ಕಂಪ್ಯೂಟರಿಗೆ ಅಥವಾ ಆಟದ ಯಂತ್ರಕ್ಕೆ ಅದು ಹೊಂದುತ್ತದೆಯೇ ಎಂಬುದನ್ನು ಪೆಟ್ಟಿಗೆಯ ಮೇಲೆ ಓದಿಯೇ ಹಣ ಕೊಡಬೇಕು.

ಹೆಬ್ಬೆರಳಿನಿಂದ ತಿರುಗಿಸುವ ಪುಟ್ಟ ಕಡ್ಡಿಗಳ ವಿಷಯವೂ ಮುಖ್ಯ. ಹಲವು ಕಂಟ್ರೋಲರುಗಳಲ್ಲಿ ಕಡ್ಡಿಯ ಕೆಳಗಿನ ಭಾಗಗಳು ಒಂದಕ್ಕೊಂದು ಉಜ್ಜಿ ಸವೆಯುತ್ತವೆ. ಆಗ ನಾವು ಮುಟ್ಟದಿದ್ದರೂ ಆಟದ ಮನುಷ್ಯ ತಾನಾಗಿ ಒಂದು ಕಡೆಗೆ ನಡೆಯತೊಡಗುತ್ತಾನೆ. ಆಯಸ್ಕಾಂತದ ನೆರವಿನಿಂದ ಕಡ್ಡಿಯ ಸ್ಥಾನ ತಿಳಿಯುವ ಮಾದರಿಗಳಲ್ಲಿ ಉಜ್ಜುವ ಭಾಗವಿಲ್ಲದ್ದರಿಂದ ಈ ಸವೆತ ಕಡಿಮೆ. ದೀಪಕ್ಕೆ ಕೊಡುವ ಹಣವನ್ನು ಇದಕ್ಕೆ ಕೊಡುವುದು ಲೇಸು.

ಎಲ್ಲಕ್ಕಿಂತ ದೊಡ್ಡದು, ನಮಗೆ ಬೇಕಾದಂತೆ ಹೊಂದಿಸಿಕೊಳ್ಳುವ ಅನುಕೂಲ. ಯಾವ ಗುಂಡಿ ಯಾವ ಕೆಲಸ ಮಾಡಬೇಕೆಂದು ನಾವೇ ಗೊತ್ತುಮಾಡಬಹುದಾದ ಕಂಟ್ರೋಲರುಗಳು ಇವೆ. ಕೆಲವದರ ಹಿಂಬದಿಯಲ್ಲಿ, ಮಧ್ಯದ ಬೆರಳು ಇಲ್ಲವೆ ಉಂಗುರದ ಬೆರಳು ಬರುವ ಜಾಗದಲ್ಲಿ, ಹೆಚ್ಚಿನ ಗುಂಡಿಗಳಿರುತ್ತವೆ. ಹೆಬ್ಬೆರಳು ಮಾಡುವ ಕೆಲಸವನ್ನು ಅವುಗಳಿಗೆ ವಹಿಸಬಹುದು. ಅದುರುವುದನ್ನು ಕಡಿಮೆ ಮಾಡಬಹುದು, ಕಡ್ಡಿಯ ತಲೆಯನ್ನು ಎತ್ತರದ್ದೋ ಗಿಡ್ಡದ್ದೋ ಹಾಕಿಕೊಳ್ಳಬಹುದು. ಇದು ಸುಮ್ಮನೆ ಶೋಕಿಯೆಂದು ನಾವೂ ಮೊದಲು ಭಾವಿಸಿದ್ದೆವು. ಆದರೆ 1989ರಷ್ಟು ಹಿಂದೆಯೇ ನಿಂಟೆಂಡೋ, ಕೈ ಆಡಿಸಲಾರದವರು ಎದೆಗೆ ಕಟ್ಟಿಕೊಂಡು ಗಲ್ಲ ಮತ್ತು ಉಸಿರಿನಿಂದ ನಡೆಸುವ ಕಂಟ್ರೋಲರನ್ನು ಮಾಡಿತ್ತು. 2018ರಲ್ಲಿ ಮೈಕ್ರೋಸಾಫ್ಟ್, ಕಾಲಿನಿಂದಲೋ ಮೊಣಕೈಯಿಂದಲೋ ಒತ್ತುವ ಹೊರಗಿನ ಗುಂಡಿಗಳನ್ನು ಸೇರಿಸಿಕೊಳ್ಳಬಹುದಾದ ಕಂಟ್ರೋಲರನ್ನು ತಂದಿತು. ಹೊಂದಿಸಿಕೊಳ್ಳುವ ಗುಂಡಿ ಕೆಲವರಿಗೆ ಅಲಂಕಾರ. ಇನ್ನು ಕೆಲವರಿಗೆ ಆಟದೊಳಗೆ ಬರಲು ಇರುವ ಒಂದೇ ಬಾಗಿಲು.

ಇದನ್ನು ಕೇಳುತ್ತಿದ್ದಂತೆ ಅಣ್ಣನ ಮುಖ ತಮ್ಮನ ಕೈಯ ಕಡೆ ತಿರುಗಿತು. ಚೀಟಿಯಲ್ಲಿದ್ದ ಸಾದಾ ಕಂಟ್ರೋಲರಿನ ಹಿಂದೆ ಅಂತಹ ಎರಡು ಗುಂಡಿಗಳಿದ್ದವು. ದೀಪದ್ದರ ಹೆಸರನ್ನು ಅವನೇ ಪೆನ್ನಿನಿಂದ ಹೊಡೆದುಹಾಕಿದ. ನಾವು ಯಾರೂ ಅವನಿಗೆ ಹೇಳಬೇಕಾಗಲಿಲ್ಲ.

ಆ ಕಂಟ್ರೋಲರು ಈಗ ಅವರ ಮನೆಯಲ್ಲಿದೆ. ತಮ್ಮ ಬಲಗೈಯ ಮಧ್ಯದ ಬೆರಳಿನಿಂದ ಹಿಂದಿನ ಗುಂಡಿ ಒತ್ತಿ ನೆಗೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಾನೆ. ಮೊದಲ ವಾರ ತೀರ ಸೋತನಂತೆ, ಈಗ ಅಣ್ಣನನ್ನೂ ಒಮ್ಮೊಮ್ಮೆ ಸೋಲಿಸುತ್ತಾನಂತೆ. ಭಾನುವಾರ ಒಂದು ಗಂಟೆ ಮಾತ್ರ ಆಟ, ಪಾಠ ಮುಗಿದ ಮೇಲೆ ಎಂಬ ತಂದೆಯವರ ಕಟ್ಟಳೆಯನ್ನು ಇಬ್ಬರೂ ಪಾಲಿಸುತ್ತಿರುವರೆಂದು ತಿಳಿದು ನಮಗೆ ಸಂತೋಷವಾಗಿದೆ.

ಪ್ರಿಯ ವಿದ್ಯಾರ್ಥಿಗಳೇ, ಯೊಕೊಯಿ ಅವರು ರಾಜ್ಯ ಗೆದ್ದವರಲ್ಲ, ರೋಗಕ್ಕೆ ಮದ್ದು ಕಂಡುಹಿಡಿದವರಲ್ಲ. ಆಟಿಕೆ ಮಾಡಿದವರು. ಆದರೆ ಬಿಡುವನ್ನು ಹಾಳುಮಾಡಲಿಲ್ಲ, ಸಣ್ಣ ಕೆಲಸವೆಂದು ಹೀಗಳೆಯಲಿಲ್ಲ, ಹಳೆಯದೆಂದು ಯಾವುದನ್ನೂ ಎಸೆಯಲಿಲ್ಲ. ವಸ್ತುವನ್ನು ಮಾಡುವ ಮುಂಚೆ ಅದನ್ನು ಹಿಡಿಯುವ ಕೈಯನ್ನು ನೆನೆದರು. ನೀವು ನಾಳೆ ಬಡಗಿಯಾಗಿ, ಎಂಜಿನಿಯರಾಗಿ, ಶಿಕ್ಷಕರಾಗಿ ಏನನ್ನೇ ಮಾಡಿದರೂ, ಏನನ್ನೇ ಕೊಂಡರೂ, ಇದು ಯಾರ ಕೈಗೆ ಹೋಗುವುದೆಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಿ. ಅಷ್ಟು ಮಾಡಿದರೆ ಈ ಮಹನೀಯರ ಕಥೆಯನ್ನು ನಿಮಗೆ ಹೇಳಿದ ನಮ್ಮ ಶ್ರಮ ಸಾರ್ಥಕ.